ಹನ್ನೊಂದನೇ ಕಲಂ

ಆಸ್ಪತ್ರೆಗಳಿಗೆ ಬೇಕಾದ ಮಂಚ, ಗಾಲಿಕುರ್ಚಿ, ಸ್ಟ್ರೆಚರ್ ಮುಂತಾದವನ್ನು ಕೊಳ್ಳುವ ಸರ್ಕಾರಿ ಕಚೇರಿಯಲ್ಲಿ ಎಲ್ಲರೂ ಅವರನ್ನು ಕಲಮಮ್ಮ ಎನ್ನುತ್ತಿದ್ದರು. ಎದುರಿಗೆ ಮೇಡಂ, ಬೆನ್ನು ತಿರುಗಿಸಿದರೆ ಕಲಮಮ್ಮ. ಖರೀದಿ ನಿಯಮಗಳ ಹನ್ನೊಂದನೇ ಕಲಂ ಬರೆದವರು ಅವರೇ. ‘ಯಾವುದೇ ಸಾಮಾನನ್ನು, ಹಿಂದಿನ ಮೂರು ವರ್ಷ ಕನಿಷ್ಠ ಐದು ಆಸ್ಪತ್ರೆಗಳಿಗೆ ಪೂರೈಸಿದ ಅನುಭವ ಉಳ್ಳವರಿಂದ ಮಾತ್ರ ಕೊಳ್ಳತಕ್ಕದ್ದು.’ ಅಷ್ಟೇ, ಎರಡು ಸಾಲು. ಆ ಎರಡು ಸಾಲು ಬಂದ ಮೇಲೆ ಏಳು ವರ್ಷದಲ್ಲಿ ಒಂದು ಮಂಚ ಕುಸಿದಿರಲಿಲ್ಲ, ಒಂದು ಕುರ್ಚಿಯ ಕಾಲು ಮುರಿದಿರಲಿಲ್ಲ. ಹಾಗಾಗಿ ಅಡ್ಡಹೆಸರು ಕಿವಿಗೆ ಬಿದ್ದಾಗ ಕಲಮಮ್ಮನವರಿಗೆ ಸಿಟ್ಟು ಬರುತ್ತಿರಲಿಲ್ಲ. ಒಳಗೊಳಗೇ ಒಂದಿಷ್ಟು ಹೆಮ್ಮೆಯೇ ಆಗುತ್ತಿತ್ತು.

ಒಂದು ಬೆಳಿಗ್ಗೆ ಅಟೆಂಡರ್ ಏದುಸಿರು ಬಿಡುತ್ತಾ ಒಳಗೆ ಬಂದ. ದಪ್ಪಗಿನ ಆಸಾಮಿ, ಮಾತು ಜಾಸ್ತಿ.

“ಮೇಡಂ, ಒಬ್ಬಳು ಬಂದಿದಾಳೆ. ಜೊತೆಗೆ ಏನೋ ಒಂದು ಯಂತ್ರ. ಲಿಫ್ಟ್‌ನಲ್ಲಿ ಹಿಡೀಲಿಲ್ಲ. ಮೆಟ್ಟಿಲ ಮೇಲೇ ಹತ್ತಿಸಿಕೊಂಡು ಬಂದಳು. ಮೂರು ಮಹಡಿ! ನಾನೂ ಒಂದು ಕೈ ಕೊಟ್ಟೆ ಅನ್ನಿ.”

“ಏನಂತೆ?”

“ನೀವು ಬೇಡ ಅಂತ ಬರೆದ ಕಾಗದ ಕೈಲಿ ಹಿಡ್ಕೊಂಡಿದಾಳೆ.”

ಹಿಂದೆಯೇ ಅವಳು ಒಳಗೆ ಬಂದಳು. ಮೂವತ್ತು ದಾಟಿರಬೇಕು. ಮೊಣಕೈವರೆಗೆ ಮಡಚಿದ ತೋಳಂಗಿ, ಕೈತುಂಬ ಕಿಡಿ ಹಾರಿದ ಸಣ್ಣ ಸಣ್ಣ ಕಲೆ. ಅಪ್ಪನ ವೆಲ್ಡಿಂಗ್ ಶೆಡ್ಡನ್ನು ಅಪ್ಪ ಹೋದ ಮೇಲೆ ತಾನೇ ನಡೆಸುತ್ತಿರುವುದಾಗಿ ಹೇಳಿಕೊಂಡಳು. ಅವಳು ದೂಡಿಕೊಂಡು ಬಂದದ್ದು ಕಬ್ಬಿಣದ ಕೊಳವೆಯ ಒಂದು ಚೌಕಟ್ಟು. ಕೆಳಗೆ ನಾಲ್ಕು ಪುಟ್ಟ ಗಾಲಿ, ಮೇಲೆ ಕೊಕ್ಕರೆ ಕತ್ತಿನ ಹಾಗೆ ಬಾಗಿದ ತೋಳು, ಪಕ್ಕದಲ್ಲಿ ಸೈಕಲ್ ಚೈನು, ತಿರುಗಿಸಲು ಒಂದು ಹಿಡಿಕೆ. ತೋಳಿನ ತುದಿಗೆ ದಪ್ಪ ಬಟ್ಟೆಯ ಜೋಲಿ ನೇತಾಡುತ್ತಿತ್ತು.

“ಇದಕ್ಕೆ ಹೆಸರೇನು?” ಕಲಮಮ್ಮ ಕೇಳಿದರು.

“ಅರ್ಜಿಲಿ ರೋಗಿ ಎತ್ತುವ ಸಾಧನ ಅಂತ ಬರೆದಿದೀನಿ ಮೇಡಂ. ವಾರ್ಡಿನವರು ತೊಟ್ಟಿಲು ಅಂತಾರೆ.”

“ಯಾವ ವಾರ್ಡಿನವರು? ಯಾವ ಆಸ್ಪತ್ರೆಗೂ ಕೊಟ್ಟಿಲ್ಲ ಅಂತ ನೀವೇ ಬರೆದಿದ್ದೀರಿ.”

“ಕೊಟ್ಟಿಲ್ಲ. ನಮ್ಮಕ್ಕ ದೊಡ್ಡಾಸ್ಪತ್ರೆಲಿ ನರ್ಸು. ಹದಿನೆಂಟು ವರ್ಷ ರೋಗಿಗಳನ್ನ ಎತ್ತಿ ಎತ್ತಿ ಸೊಂಟ ಕೂತುಹೋಯ್ತು. ಅವಳ ಜೊತೆಯವರು ಶೆಡ್ಡಿಗೆ ಬಂದು ನೋಡಿ ಆ ಹೆಸರಿಟ್ರು.”

ಅವಳು ಅಟೆಂಡರನ ಕಡೆ ನೋಡಿ, “ಅಣ್ಣಾ, ಒಂಚೂರು ಕೂತ್ಕೊಳ್ಳಿ” ಎಂದಳು. ಅವನು ಬೇಡ ಬೇಡ ಎನ್ನುತ್ತಲೇ ಕುರ್ಚಿಯಲ್ಲಿ ಕೂತ. ಜೋಲಿಯನ್ನು ಅವನ ಬೆನ್ನು ತೊಡೆಗಳ ಕೆಳಗೆ ಸರಿಸಿ, ನಾಲ್ಕು ಕೊಂಡಿ ಸಿಕ್ಕಿಸಿ, ಒಂದೇ ಕೈಯಲ್ಲಿ ಹಿಡಿಕೆ ತಿರುಗಿಸಿದಳು. ಟಕ್ ಟಕ್ ಟಕ್ ಎನ್ನುತ್ತಾ ಅಟೆಂಡರ್ ಕುರ್ಚಿ ಬಿಟ್ಟು ಮೇಲೆದ್ದ. ಪಕ್ಕದ ವಿಭಾಗದವರೆಲ್ಲ ಬಾಗಿಲಲ್ಲಿ ಗುಂಪು ಸೇರಿದರು.

“ಇಳಿಸಮ್ಮಾ ತಾಯಿ! ನಾನು ಮನೆಗೆ ಬೇಕಾದವನು!” ಎಂದು ಅವನು ಕಾಲು ಬಡಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಅವನನ್ನು ಹಾಗೇ ತಳ್ಳಿಕೊಂಡು ಹೋಗಿ ಕಿಟಕಿ ಪಕ್ಕದ ಕುರ್ಚಿಯ ಮೇಲೆ ಮೆಲ್ಲಗೆ ಇಳಿಸಿದಳು. ನಗು ತಾನಾಗಿಯೇ ನಿಂತಿತು. ಇಷ್ಟು ಭಾರದ ಗಂಡಸನ್ನು ಒಬ್ಬಳು ಹೆಂಗಸು, ಉಸಿರು ಬಿಗಿಹಿಡಿಯದೆ, ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಸಾಗಿಸಿದ್ದಳು.

ಕಲಮಮ್ಮನವರಿಗೂ ಅದು ಹಿಡಿಸಿತು. ಆದರೆ ಬಾಯಿಗೆ ಬಂದದ್ದು ಅಭ್ಯಾಸದ ಮಾತು. “ಚೆನ್ನಾಗಿದೆ. ಆದರೆ ನಿಯಮ ಇದೆ. ಮೂರು ವರ್ಷದ ಅನುಭವ ತಂದರೆ ನೋಡಬಹುದು.”

“ಎಲ್ಲಿಂದ ತರಲಿ ಮೇಡಂ?”

“ಖಾಸಗಿ ಆಸ್ಪತ್ರೆಗಳಿಗೆ ಮಾರಿ ಮೊದಲು.”

“ಹನ್ನೆರಡು ಕಡೆ ಹೋದೆ. ಎಲ್ಲರೂ ಕೇಳೋದು ಒಂದೇ, ಸರ್ಕಾರಿ ಆಸ್ಪತ್ರೆಲಿ ಇದು ಇದೆಯಾ ಅಂತ. ಅಲ್ಲಿದ್ರೆ ನಮಗೂ ಧೈರ್ಯ ಅಂತಾರೆ.” ಅವಳು ಚೀಲದಿಂದ ಒಂದು ಹೊಳೆಯುವ ಫಲಕ ತೆಗೆದು ಮೇಜಿನ ಮೇಲಿಟ್ಟಳು. ‘ವರ್ಷದ ಹೊಸ ಉದ್ಯಮಿ’ ಎಂದು ಅಕ್ಷರ ಕೊರೆದಿತ್ತು. “ಇದು ಉದ್ಯಮ ಇಲಾಖೆಯವರು ಕೊಟ್ಟಿದ್ದು. ಮೊದಲನೇದು ಮಾಡೋಕೆ ಸಹಾಯಧನ ಕೊಟ್ಟಿದ್ದೂ ಅವರೇ. ಫೋಟೋ ತೆಗೆಸಿದ್ರು, ಚಪ್ಪಾಳೆ ಹೊಡೆಸಿದ್ರು. ಅವರ ಆಫೀಸು ಇದೇ ಕಟ್ಟಡದಲ್ಲಿದೆ, ನಿಮ್ಮ ತಲೆ ಮೇಲೆ, ನಾಲ್ಕನೇ ಮಹಡಿ. ಅಲ್ಲಿ ಮಾಡು ಅಂತಾರೆ, ಇಲ್ಲಿ ಬೇಡ ಅಂತಾರೆ. ಎರಡೂ ಒಂದೇ ಸರ್ಕಾರ ಅಲ್ವಾ ಮೇಡಂ?”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಕಲಮಮ್ಮನವರ ಮುಖ ಬಿಗಿಯಿತು. “ನೀವಿನ್ನು ಹೊರಡಿ” ಎಂದರು. ಅವಳು ತೊಟ್ಟಿಲನ್ನು ತಳ್ಳಿಕೊಂಡು ಮತ್ತೆ ಮೆಟ್ಟಿಲ ಕಡೆ ಹೋದಳು. ಒಂದೊಂದು ಮೆಟ್ಟಿಲಿಗೂ ಗಾಲಿ ಬಡಿಯುವ ಸದ್ದು ಕೆಳಗಿನ ತನಕ ಕೇಳುತ್ತಲೇ ಇತ್ತು.

ಅಂದು ಸಂಜೆ ಮನೆಯಲ್ಲಿ ಕಲಮಮ್ಮ ಊಟಕ್ಕೆ ಕೂತರೂ ತಟ್ಟೆ ಮುಟ್ಟಲಿಲ್ಲ. ಅವರ ಯಜಮಾನರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಹೆಂಡತಿಯ ಮುಖ ಓದುವುದರಲ್ಲಿ ಎತ್ತಿದ ಕೈ.

“ಇವತ್ತು ಯಾವ ಕಲಂ ಕಚ್ಚಿತು?”

ಕಲಮಮ್ಮ ನಡೆದದ್ದನ್ನೆಲ್ಲ ಹೇಳಿದರು. ಮೇಷ್ಟ್ರು ಕೇಳಿಸಿಕೊಂಡು, “ಪ್ರಶ್ನೆ ಸರಿಯಾಗಿಯೇ ಕೇಳಿದಾಳಲ್ಲೇ” ಎಂದರು.

“ನಿಮಗೇನು ಗೊತ್ತು? ಆ ಅಜ್ಜಿ ಬಿದ್ದಾಗ ನೀವಿರಲಿಲ್ಲ.”

ಆ ಅಜ್ಜಿಯ ವಿಷಯ ಮನೆಯಲ್ಲಿ ಅಪರೂಪಕ್ಕೂ ಬರುತ್ತಿರಲಿಲ್ಲ. ಏಳು ವರ್ಷದ ಹಿಂದೆ, ಆಗತಾನೇ ಶುರುವಾದ ಒಂದು ಕಂಪನಿ ಇನ್ನೂರು ಗಾಲಿಕುರ್ಚಿ ಕೊಟ್ಟಿತ್ತು. ಮಾಲೀಕ ಇಸ್ತ್ರಿ ಮುದುರದ ಬಟ್ಟೆಯ ಮನುಷ್ಯ, ಮಾತಿನಲ್ಲಿ ಜೇನು. “ಮೇಡಂ, ನಮ್ಮ ಕುರ್ಚಿ ಮುರಿಯೋ ಮಾತೇ ಇಲ್ಲ” ಎಂದಿದ್ದ. ಕಡತಕ್ಕೆ ಸಹಿ ಹಾಕಿದವರು ಕಲಮಮ್ಮನವರೇ. ಎರಡನೇ ತಿಂಗಳಿಗೆ ಒಂದು ಕುರ್ಚಿಯ ಬೆಸುಗೆ ಬಿಟ್ಟು, ಕಣ್ಣಿನ ಆಪರೇಷನ್ ಆಗಿದ್ದ ಅಜ್ಜಿಯೊಬ್ಬಳು ಇಳಿಜಾರಿನಲ್ಲಿ ಮುಗ್ಗರಿಸಿ ಬಿದ್ದಳು. ತೊಡೆಮೂಳೆ ಮುರಿದು ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ವಿಚಾರಣೆಯ ದಿನ ಅಜ್ಜಿಯ ಮಗಳು ಕೂಗಾಡಲಿಲ್ಲ, ಅಳಲಿಲ್ಲ. ಕೇಳಿದ್ದು ಒಂದೇ ಮಾತು: “ಕೊಳ್ಳೋ ಮುಂಚೆ ಆ ಕುರ್ಚಿ ಮೇಲೆ ನೀವು ಒಂದ್ಸಲ ಕೂತು ನೋಡಿದ್ರಾ?”

ಕೂತು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ವಿಚಾರಣೆ ಮುಗಿದ ವಾರವೇ ಅವರು ಹನ್ನೊಂದನೇ ಕಲಂ ಬರೆದರು. ಹೊಸಬರಿಗೆ ಬಾಗಿಲು ಹಾಕಿದ ಮೇಲೆ ನೆಮ್ಮದಿಯಿಂದ ನಿದ್ದೆ ಬಂತು.

“ಒಂದು ಮಾತು ಹೇಳ್ಲಾ?” ಮೇಷ್ಟ್ರು ತಟ್ಟೆ ಎತ್ತುತ್ತಾ ಹೇಳಿದರು. “ಆ ಮಗಳು ಕೇಳಿದ್ದು ಕೂತು ನೋಡಿದ್ರಾ ಅಂತ. ಕುರ್ಚಿ ಮಾಡಿದವನಿಗೆ ಎಷ್ಟು ವರ್ಷ ಅನುಭವ ಅಂತ ಅವಳು ಕೇಳಿರಲಿಲ್ಲ.”

ಕಲಮಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. ಮೇಷ್ಟ್ರು ಜಾಣತನದಿಂದ ಅಡುಗೆಮನೆಗೆ ಜಾಗ ಖಾಲಿ ಮಾಡಿದರು.

ಮಾರನೇ ದಿನ ಅವರು ಯಾರಿಗೂ ಹೇಳದೆ ದೊಡ್ಡಾಸ್ಪತ್ರೆಗೆ ಹೋದರು. ಮೂಳೆ ವಾರ್ಡಿನ ಬಾಗಿಲ ಬಳಿ, ಸೊಂಟಕ್ಕೆ ಅಗಲ ಪಟ್ಟಿ ಬಿಗಿದುಕೊಂಡ ನರ್ಸ್ ಒಬ್ಬರು ರಿಜಿಸ್ಟರ್ ಬರೆಯುತ್ತಾ ಕೂತಿದ್ದರು. ತೊಟ್ಟಿಲು ಮಾಡಿದ ತಂಗಿಯ ಹಾಗೇ ಚೂಪು ಗಲ್ಲ. ಇವಳೇ ಆ ಅಕ್ಕ ಎಂದು ಗೊತ್ತಾಗಲು ತಡವಾಗಲಿಲ್ಲ. ಇವರು ತಮ್ಮ ಪರಿಚಯ ಹೇಳುವ ಮೊದಲೇ ಒಳಗಿನಿಂದ ಒಬ್ಬ ಎಳೆ ನರ್ಸ್ ಕೂಗಿದಳು. “ಅಮ್ಮಾ, ನೀವು ಯಾರ ಕಡೆಯವರು? ಒಂದು ಕೈ ಕೊಡ್ತೀರಾ?”

ಮಂಚದ ಮೇಲೆ ಲಾರಿ ಡ್ರೈವರ್ ಒಬ್ಬ ಮಲಗಿದ್ದ. ಎರಡೂ ಕಾಲಿಗೆ ಪ್ಲಾಸ್ಟರ್. ಅವನನ್ನು ಎಕ್ಸ್‌ರೇಗೆ ಒಯ್ಯಲು ಸ್ಟ್ರೆಚರಿಗೆ ಸಾಗಿಸಬೇಕು. ವಾರ್ಡ್‌ಬಾಯ್ ಇನ್ನೊಂದು ವಾರ್ಡಿಗೆ ಹೋಗಿದ್ದ. ಕಲಮಮ್ಮ ಕೈಚೀಲ ಕೆಳಗಿಟ್ಟು ಅವನ ಎಡಗಾಲು ಹಿಡಿದರು. “ಒಂದು, ಎರಡು, ಮೂರು” ಎಂದಳು ಎಳೆ ನರ್ಸ್. ಎತ್ತಿದಾಗ ಅವರ ಬೆನ್ನಿನಲ್ಲಿ ಏನೋ ಛಳಕ್ಕೆಂದಿತು. ಕೈ ಜಾರಿತು, ಕಾಲು ಸ್ಟ್ರೆಚರಿನ ಅಂಚಿಗೆ ತಗುಲಿತು. ಡ್ರೈವರ್ ಹಲ್ಲು ಕಚ್ಚಿ, “ಪರವಾಗಿಲ್ಲಮ್ಮ” ಎಂದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ದಿನಕ್ಕೆ ಎಷ್ಟು ಸಲ ಹೀಗೆ?” ಹೊರಗೆ ಬಂದು ಅವರು ಅಕ್ಕನನ್ನು ಕೇಳಿದರು.

“ಒಂದು ಪಾಳಿಲಿ ಮೂವತ್ತು, ನಲವತ್ತು. ನನ್ನ ಕಾಲದವರು ಆರು ಜನರಲ್ಲಿ ನಾಲ್ಕು ಜನ ಈಗ ಕುರ್ಚಿ ಕೆಲಸ ಮಾಡ್ತಿದೀವಿ. ಎತ್ತೋಕಾಗಲ್ಲ ನೋಡಿ.” ಅಕ್ಕ ಪೆನ್ನು ಕೆಳಗಿಟ್ಟಳು. “ಮುರಿದುಹೋದ ಮಂಚ ಲೆಕ್ಕಕ್ಕೆ ಬರುತ್ತೆ ಮೇಡಂ. ನಮ್ಮ ಸೊಂಟ ಯಾವ ಪುಸ್ತಕದಲ್ಲೂ ಬರಲ್ಲ.”

ಏಳು ವರ್ಷದಲ್ಲಿ ಏನೂ ಮುರಿದಿಲ್ಲ ಎಂದು ನಂಬಿಕೊಂಡಿದ್ದ ಕಲಮಮ್ಮನವರಿಗೆ ಆ ಮಾತು ಮುಳ್ಳಿನ ಹಾಗೆ ನಾಟಿತು. ಅಲ್ಲಿಂದ ಅವರು ನೇರ ವೆಲ್ಡಿಂಗ್ ಶೆಡ್ಡಿಗೆ ಹೋದರು.

ಶೆಡ್ಡು ಇದ್ದದ್ದು ಟೈರ್ ಅಂಗಡಿಗೂ ಮರದ ಅಡ್ಡೆಗೂ ನಡುವೆ. ತಗಡಿನ ಮಾಡು, ನೆಲದ ತುಂಬ ಕಬ್ಬಿಣದ ಪುಡಿ. ತಂಗಿ ಕಿಟಕಿ ಸರಳು ಬೆಸೆಯುತ್ತಿದ್ದಳು. ಹೊಟ್ಟೆಪಾಡಿನ ಕೆಲಸ ಅದು. ಮುಖಕವಚ ಎತ್ತಿ ಇವರನ್ನು ಕಂಡವಳು ಗಾಬರಿಯಿಂದ ಸ್ಟೂಲು ಒರೆಸಿದಳು.

“ಕೂರೋಕೆ ಬಂದಿಲ್ಲ” ಎಂದ ಕಲಮಮ್ಮ ತಕ್ಷಣ ತಿದ್ದಿಕೊಂಡರು. “ಅಲ್ಲ, ಕೂರೋಕೇ ಬಂದಿರೋದು. ಅದರಲ್ಲಿ.”

ಜೋಲಿಯಲ್ಲಿ ಕೂತು ಮೇಲೇರುವಾಗ ಎರಡೂ ಕೈಯಲ್ಲಿ ಕೊಂಡಿ ಹಿಡಿದುಕೊಂಡರು. ಕಾಲಿಗೆ ನೆಲ ಸಿಗದೆ ಎಷ್ಟು ವರ್ಷವಾಗಿತ್ತೋ. ಆದರೆ ಬಟ್ಟೆ ಬೆನ್ನಿಗೆ ಅಪ್ಪಿಕೊಂಡಿತ್ತು. ಆಗಲೇ ಛಳಕ್ಕೆಂದಿದ್ದ ಜಾಗಕ್ಕೆ ಹಿತವಾಗಿತ್ತು. ಅಲ್ಲೇ ನೇತಾಡುತ್ತಾ ಕೇಳಿದರು, “ಇದು ಎಲ್ಲಿ ಮುರಿಯುತ್ತೆ?”

ಮುರಿಯುವ ಮಾತೇ ಇಲ್ಲ ಎಂದು ಅವಳು ಹೇಳಿದ್ದರೆ ಅವರು ಇಳಿದು ಮನೆಗೆ ಹೋಗುತ್ತಿದ್ದರೇನೋ. ಅವಳು ಹಾಗೆ ಹೇಳಲಿಲ್ಲ.

“ಮೂರು ಕಡೆ ಮೇಡಂ. ಈ ಹಲ್ಲುಚಕ್ರ ಹಿಂದಕ್ಕೆ ತಿರುಗದ ಹಾಗೆ ಒಂದು ಕಬ್ಬಿಣದ ನಾಲಿಗೆ ತಡೀತದಲ್ಲ, ಅದು ವರ್ಷಕ್ಕೊಮ್ಮೆ ಸವೀತದೆ, ಬದಲಿಸಬೇಕು. ಎರಡನೇದು, ಜೋಲಿ ಹೊಲಿಗೆ. ಬಿಸಿನೀರಲ್ಲಿ ಒಗೆದು ಒಗೆದು ದಾರ ಸಡಿಲ ಆಗ್ತದೆ. ಮೂರನೇದು ಗಾಲಿ. ಹೊಸ್ತಿಲು ದಾಟಿಸುವಾಗ ಸಿಕ್ಕಿಕೊಳ್ತದೆ.” ಒಂದು ಹಳೇ ನೋಟ್‌ಪುಸ್ತಕ ತಂದು ತೋರಿಸಿದಳು. ಮರಳಿನ ಮೂಟೆ ನೇತುಹಾಕಿ ಎಷ್ಟು ಸಲ ಎತ್ತಿ ಇಳಿಸಿದಳು, ಎಷ್ಟನೇ ಸಲಕ್ಕೆ ಏನಾಯಿತು, ಎಲ್ಲ ಬರೆದಿಟ್ಟಿದ್ದಳು. ಅಕ್ಷರ ಕೋಳಿಕಾಲು, ಆದರೆ ಒಂದು ದಿನವೂ ಬಿಟ್ಟಿರಲಿಲ್ಲ.

“ಇದನ್ನ ಅರ್ಜಿಗೆ ಯಾಕೆ ಲಗತ್ತಿಸಲಿಲ್ಲ?”

“ಲಗತ್ತಿಸೋಕೆ ಜಾಗ ಎಲ್ಲಿತ್ತು ಮೇಡಂ? ಅನುಭವ ಎಷ್ಟು ವರ್ಷ ಅಂತ ಒಂದು ಚೌಕ ಇತ್ತು. ಸೊನ್ನೆ ಅಂತ ತುಂಬಿದೆ.”

ಕಲಮಮ್ಮ ಆ ನೋಟ್‌ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋದರು.

ಮುಂದಿನ ಒಂದು ವಾರ ಅವರು ಬರೆದು ಹರಿದು, ಹರಿದು ಬರೆದರು. ಹನ್ನೊಂದನೇ ಕಲಂ ಕಿತ್ತುಹಾಕುವುದು ಸುಲಭವಿತ್ತು. ಹಾಗೆ ಮಾಡಿದರೆ ಜೇನುಮಾತಿನವರೆಲ್ಲ ಮತ್ತೆ ಸಾಲುಗಟ್ಟುತ್ತಾರೆ. ಇಟ್ಟುಕೊಂಡರೆ ಈ ಹುಡುಗಿ ಕಿಟಕಿ ಸರಳು ಬೆಸೆಯುತ್ತಲೇ ಮುದುಕಿಯಾಗುತ್ತಾಳೆ. ಕೊನೆಗೆ ಅದರ ಕೆಳಗೆ ಒಂದು ಉಪಕಲಂ ಸೇರಿಸಿದರು. ಅನುಭವವಿಲ್ಲದವರು ಹೊಸ ಸಾಮಾನು ತಂದರೆ ತಿರಸ್ಕರಿಸಕೂಡದು. ಮೊದಲು ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ, ಸರ್ಕಾರದ ಖರ್ಚಿನಲ್ಲೇ, ಅದನ್ನು ಭಾರ ಹಾಕಿ ಪರೀಕ್ಷಿಸಬೇಕು. ಪಾಸಾದರೆ ಇಲಾಖೆಯೇ ನಾಲ್ಕು ಕೊಂಡು ಒಂದು ವಾರ್ಡಿನಲ್ಲಿ ನಾಲ್ಕು ತಿಂಗಳು ಬಳಸಿ ನೋಡಬೇಕು. ಬಳಸುವ ನರ್ಸುಗಳು ದಿನಾ ಬರೆದಿಡಬೇಕು. ಅದರಲ್ಲೂ ಗೆದ್ದರೆ, ಆ ನಾಲ್ಕು ತಿಂಗಳನ್ನೇ ಮೂರು ವರ್ಷದ ಅನುಭವವೆಂದು ಎಣಿಸಬೇಕು. ಸೋತವರು ತಿದ್ದಿಕೊಂಡು ಮತ್ತೆ ತರಬಹುದು.

ಇಲಾಖೆಯ ನಿರ್ದೇಶಕರು ಕಡತ ಓದಿ ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ಆದರೆ ನಿವೃತ್ತಿಗೆ ಎರಡು ವರ್ಷವಿತ್ತು. “ನೀವೇ ಹಾಕಿದ ಬೀಗ, ನೀವೇ ತೆಗೀತಿದ್ದೀರಲ್ರೀ!”

“ಬೀಗ ತೆಗೀತಿಲ್ಲ ಸರ್. ಬಾಗಿಲಿಗೊಂದು ಕಿಂಡಿ ಇಡ್ತಿದೀನಿ. ಯಾರು ಬಂದಿದಾರೆ ಅಂತ ನೋಡೋಕೆ.”

“ನಾಳೆ ರೋಗಿ ಬಿದ್ದರೆ? ಪತ್ರಿಕೆಯವರು ನನ್ನ ಮನೆ ಬಾಗಿಲಿಗೆ ಬರ್ತಾರೆ. ಯಾರು ಹೊಣೆ?”

“ಈಗ ರೋಗಿ ಕೈ ಜಾರಿ ಬಿದ್ದರೆ ಯಾರು ಹೊಣೆ ಸರ್? ಹೋದ ವಾರ ನನ್ನ ಕೈಯಿಂದಲೇ ಒಬ್ಬನ ಕಾಲು ಜಾರಿತು. ಅದನ್ನ ಯಾವ ಕಡತದಲ್ಲಿ ಬರೀತೀರಿ?”

ನಿರ್ದೇಶಕರು ಕಡತದ ಅಂಚಿನಲ್ಲಿ ‘ಹೊಣೆಗಾರ ಅಧಿಕಾರಿಯ ಹೆಸರು ನಮೂದಿಸಿ’ ಎಂದು ಬರೆದು ಹಿಂದಕ್ಕೆ ದೂಡಿದರು. ಇಷ್ಟು ಬರೆದರೆ ಯಾರಾದರೂ ತೆಪ್ಪಗಾಗುತ್ತಾರೆ ಎಂಬುದು ಅವರ ನಂಬಿಕೆ. ಕಲಮಮ್ಮ ಪೆನ್ನು ಎತ್ತಿಕೊಂಡರು. ಅಜ್ಜಿಯ ಮಗಳ ಮುಖ ಕಣ್ಣ ಮುಂದೆ ಬಂತು. ಆಮೇಲೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು.

ಕಡತ ಅಲ್ಲಿಂದ ಕಾನೂನು ವಿಭಾಗಕ್ಕೆ, ಕಾನೂನಿನಿಂದ ಹಣಕಾಸಿಗೆ, ಹಣಕಾಸಿನಿಂದ ಒಂದು ಅಲ್ಪವಿರಾಮದ ಸಲುವಾಗಿ ಮತ್ತೆ ಕಾನೂನಿಗೆ ಹೋಯಿತು. ಕಲಮಮ್ಮ ಅದರ ಬೆನ್ನು ಬಿಡಲಿಲ್ಲ. ನಾಲ್ಕನೇ ಮಹಡಿಗೂ ಹತ್ತಿದರು. ಉದ್ಯಮ ಇಲಾಖೆಯ ಅಧಿಕಾರಿ ಅವರನ್ನು ಕಂಡು ಬೆರಗಾದ. ಎಂಟು ವರ್ಷದಿಂದ ಒಂದೇ ಮೆಟ್ಟಿಲು ತುಳಿಯುತ್ತಿದ್ದರೂ ಇಬ್ಬರೂ ಮಾತಾಡಿರಲಿಲ್ಲ. “ನಾವು ವರ್ಷಕ್ಕೆ ಅರವತ್ತು ಜನಕ್ಕೆ ಸಹಾಯಧನ ಕೊಡ್ತೀವಿ ಮೇಡಂ” ಎಂದ. “ಅದರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ಉಳೀತಾರೆ?” ಎಂದು ಕೇಳಿದಾಗ ಅವನು ಕಿಟಕಿ ಕಡೆ ನೋಡಿದ. “ಅದನ್ನ ನಾವು ನೋಡಲ್ಲ. ಕೊಟ್ಟಿದ್ದು ಮಾತ್ರ ನಮ್ಮ ವರದಿಲಿ ಬರುತ್ತೆ.” ಆದರೂ ಒಳ್ಳೆಯವನು, ಕಡತಕ್ಕೆ ತನ್ನ ಇಲಾಖೆಯ ಬೆಂಬಲ ಪತ್ರ ಲಗತ್ತಿಸಿಕೊಟ್ಟ. ಏಳು ತಿಂಗಳ ಮೇಲೆ ಉಪಕಲಂಗೆ ಮಂತ್ರಿಗಳ ಸಹಿ ಬಿತ್ತು.

ಮೊದಲ ಪರೀಕ್ಷೆ ತೊಟ್ಟಿಲಿನದು. ಪಾಲಿಟೆಕ್ನಿಕ್ಕಿನ ಹಿತ್ತಲಲ್ಲಿ, ಉಪನ್ಯಾಸಕರೊಬ್ಬರ ಮುಂದೆ, ಜೋಲಿಗೆ ಮರಳಿನ ಮೂಟೆ ಏರಿಸಿದರು. ಒಬ್ಬ ದಪ್ಪ ಮನುಷ್ಯನ ಭಾರ ಆಯಿತು. ಅದರ ಒಂದೂವರೆ ಪಟ್ಟಾಯಿತು. ತಂಗಿ ಎದೆಯ ಮೇಲೆ ಕೈಕಟ್ಟಿ ನಿಂತಿದ್ದಳು; ಅಕ್ಕ ರಜೆ ಹಾಕಿ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಪಾಸಾಗಲು ಬೇಕಾದ ಎರಡು ಪಟ್ಟಿಗೆ ಇನ್ನೊಂದೇ ಮೂಟೆ ಬಾಕಿ ಇದ್ದಾಗ ‘ಠಣ್’ ಎಂದಿತು. ತೋಳು ಬಾಗಿ ಮೂಟೆಗಳೆಲ್ಲ ದಬದಬ ಕೆಳಗೆ ಬಿದ್ದು ಒಡೆದವು.

ಮುರಿದದ್ದು ನಾಲಿಗೆಯಲ್ಲ, ಹೊಲಿಗೆಯಲ್ಲ, ಗಾಲಿಯಲ್ಲ. ತೋಳು ಕಂಬಕ್ಕೆ ಕೂಡುವ ಕಡೆ ಬೆಸುಗೆಯೇ ಬಿಟ್ಟಿತ್ತು. ಅವಳದೇ ಕೈಕೆಲಸ, ಅವಳಿಗೆ ಎಂದೂ ಅನುಮಾನ ಬಾರದ ಜಾಗ.

ತಂಗಿ ಮರಳಿನ ನಡುವೆ ಕುಕ್ಕರಗಾಲಲ್ಲಿ ಕೂತು ಆ ಬೆಸುಗೆಯನ್ನು ಬೆರಳಿನಿಂದ ಸವರಿದಳು. “ಅಪ್ಪ ಕಲಿಸಿದ ಬೆಸುಗೆ ಇದು” ಎಂದಳು. “ನಾನಿನ್ನು ಇದನ್ನ ಮಾಡಲ್ಲ. ಯಾರಾದ್ರೂ ಕೂತಿದ್ದಿದ್ರೆ?”

ಹೊಣೆಯ ಕಾಗದದ ಮೇಲಿದ್ದದ್ದು ಕಲಮಮ್ಮನವರ ಹೆಸರು. ಎಲ್ಲ ಕೈಬಿಟ್ಟು ಹಳೇ ಎರಡು ಸಾಲಿನ ಆಸರೆಗೆ ಹಿಂದಿರುಗಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಮಾತಾಡಿದ್ದು ಅಕ್ಕ. ಬೆಂಚಿನಿಂದ ಸೊಂಟ ಹಿಡಿದುಕೊಂಡು ಎದ್ದು ಬಂದಳು.

“ಕೂತಿರಲಿಲ್ಲವಲ್ಲೇ. ಮರಳು ತಾನೇ ಬಿದ್ದಿದ್ದು? ಮರಳಿಗೆ ಸೊಂಟ ಇಲ್ಲ. ಏಳು, ಎಲ್ಲಿ ತಪ್ಪಾಯ್ತು ಅಂತ ಆ ಸರ್ ಹತ್ರ ಕೇಳು.”

ಉಪನ್ಯಾಸಕರು ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಬೆಸುಗೆ ಕೆಟ್ಟದಲ್ಲಮ್ಮ. ಭಾರ ಪೂರ್ತಿ ಒಂದೇ ಗೆರೆ ಮೇಲೆ ಬೀಳ್ತಿದೆ. ಇಲ್ಲೊಂದು ತ್ರಿಕೋನದ ತಗಡು ಕೂರಿಸಿದರೆ ಹಂಚಿಹೋಗುತ್ತೆ. ನಾಳೆ ನಮ್ಮ ವರ್ಕ್‌ಶಾಪಿಗೆ ಬಾ, ಜೊತೆಗೆ ಕೂತು ಅಳತೆ ಮಾಡೋಣ.”

ಅವಳು ಮಾರನೇ ದಿನ ಹೋದಳು. ಆಮೇಲಿನ ಹತ್ತು ದಿನವೂ ಹೋದಳು. ಎರಡನೇ ಪರೀಕ್ಷೆಯಲ್ಲಿ ತೊಟ್ಟಿಲು ಎರಡು ಪಟ್ಟು ಭಾರ ಹೊತ್ತುಕೊಂಡು ಇಡೀ ಮಧ್ಯಾಹ್ನ ತೂಗಾಡದೆ ನಿಂತಿತು. ಉಪನ್ಯಾಸಕರು ವರದಿಗೆ ಸಹಿ ಹಾಕುವ ಹೊತ್ತಿಗೆ ಅವಳು ಬೆಂಚಿನ ಮೇಲೆ ಅಕ್ಕನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ವಾರ್ಡಿನ ನಾಲ್ಕು ತಿಂಗಳು ಬೇರೆಯೇ ಕಥೆ. ನರ್ಸುಗಳು ಬರೆದಿಟ್ಟ ಪುಸ್ತಕದ ತುಂಬ ದೂರು. ‘ಟಕ್ ಟಕ್ ಸದ್ದಿಗೆ ಪಕ್ಕದ ರೋಗಿ ಎಚ್ಚರಾಗುತ್ತಾನೆ.’ ‘ಜೋಲಿ ಬೆನ್ನಿಗೆ ಸೆಕೆ.’ ‘ಸ್ನಾನದಮನೆ ಬಾಗಿಲಲ್ಲಿ ಹಿಡಿಯುವುದಿಲ್ಲ, ಮಾಡಿದವಳು ಸ್ನಾನ ಮಾಡುವುದಿಲ್ಲವೇ?’ ತಂಗಿ ಆ ಸಾಲು ಓದಿ ನಕ್ಕಳು, ಆಮೇಲೆ ಚೌಕಟ್ಟನ್ನು ನಾಲ್ಕು ಬೆರಳು ಕಿರಿದು ಮಾಡಿದಳು. ನಾಲಿಗೆಗೆ ರಬ್ಬರ್ ಹೊದಿಸಿದಳು. ಬಟ್ಟೆಗೆ ಬದಲು ಜಾಲರಿ ಹಾಕಿದಳು. ಮೂರನೇ ತಿಂಗಳ ಹೊತ್ತಿಗೆ ದೂರುಗಳು ಕಮ್ಮಿಯಾದವು. ನಾಲ್ಕನೇ ತಿಂಗಳಲ್ಲಿ ಪಕ್ಕದ ವಾರ್ಡಿನವರು ತೊಟ್ಟಿಲನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗತೊಡಗಿದರು. ಮೂಳೆ ವಾರ್ಡಿನವರು ಅದಕ್ಕೆ ಸರಪಳಿ ಹಾಕಿ ಬೀಗ ಜಡಿದರು. ಆ ಸುದ್ದಿ ಕೇಳಿ ನಿರ್ದೇಶಕರು, “ಕದಿಯೋ ಮಟ್ಟಕ್ಕೆ ಬಂದಿದೆ ಅಂದ್ರೆ ಪಾಸಾದ ಹಾಗೇ ಅಲ್ವೇನ್ರೀ” ಎಂದರು. ಅವರು ನಕ್ಕಿದ್ದನ್ನು ಕಲಮಮ್ಮ ನೋಡಿದ್ದು ಅದೇ ಮೊದಲು.

ಟೆಂಡರ್ ಕರೆದಾಗ ಹೊರಗಿನಿಂದ ರೋಗಿ ಎತ್ತುವ ವಿದ್ಯುತ್ ಯಂತ್ರ ತರಿಸುವ ಒಂದು ದೊಡ್ಡ ಕಂಪನಿಯೂ ಸ್ಪರ್ಧಿಸಿತು. ನಗರದ ದೊಡ್ಡ ಆಸ್ಪತ್ರೆಗಳು ಅವರ ಪಾಲಾದವು. ಕರೆಂಟು ಕೈಕೊಡುವ ಸಣ್ಣ ಊರುಗಳ ಇಪ್ಪತ್ತೆರಡು ಆಸ್ಪತ್ರೆಗಳು ಇವಳ ಪಾಲಿಗೆ ಬಂದವು. ಎಲ್ಲವೂ ಸಿಗಲಿಲ್ಲವೆಂದು ಅವಳು ಮುಖ ಸಣ್ಣದು ಮಾಡಿದ್ದು ಒಂದು ದಿನ ಮಾತ್ರ. ಇಪ್ಪತ್ತೆರಡು ಕಡೆಗೆ ಮಾಡಿಕೊಡುವುದರೊಳಗೇ ಉಸಿರು ಸಿಕ್ಕಿಹಾಕಿಕೊಂಡಿತು. ಪಕ್ಕದ ಟೈರ್ ಅಂಗಡಿಯ ಜಾಗವನ್ನೂ ಬಾಡಿಗೆಗೆ ಹಿಡಿದಳು, ಐದು ಜನರನ್ನು ಕೆಲಸಕ್ಕಿಟ್ಟುಕೊಂಡಳು. ಜಾಲರಿ ಹೊಲಿಯುವವರು ಇಬ್ಬರೂ ಸೊಂಟನೋವಿನಿಂದ ಕೆಲಸ ಬಿಟ್ಟ ಆಯಾಗಳು. ಅಕ್ಕನ ಸೊಂಟವೇನೂ ವಾಸಿಯಾಗಲಿಲ್ಲ. ಅದು ವಾಸಿಯಾಗುವ ಹಂತ ದಾಟಿತ್ತು. ಆದರೆ ಹೊಸ ಆಸ್ಪತ್ರೆಗಳಿಗೆ ತೊಟ್ಟಿಲು ಹೋದಾಗ, ಬಳಸುವುದು ಹೇಗೆಂದು ಕಲಿಸಲು ಇಲಾಖೆ ಅವಳನ್ನೇ ಕಳಿಸತೊಡಗಿತು. ಬಸ್ಸಿನಲ್ಲಿ ಕಿಟಕಿ ಸೀಟೇ ಬೇಕೆಂದು ಹಟ ಹಿಡಿಯುತ್ತಾಳೆ ಎಂದು ತಂಗಿ ದೂರುತ್ತಿದ್ದಳು.

ಕಲಮಮ್ಮನವರ ಮೇಜಿನ ಮೇಲೆ ಈಗ ಬೇರೆ ಬಗೆಯ ಅರ್ಜಿಗಳು ಬರತೊಡಗಿದವು. ಮೊದಲ ವರ್ಷ ಹತ್ತೊಂಬತ್ತು. ಅರ್ಧಕ್ಕರ್ಧ ಕೆಲಸಕ್ಕೆ ಬಾರದವು. ಒಬ್ಬ ಮಹಾಶಯ ಸೊಳ್ಳೆ ಓಡಿಸುವ ದಿಂಬು ತಂದಿದ್ದ. ನಾಲ್ಕು ಮಾತ್ರ ಪಾಲಿಟೆಕ್ನಿಕ್ಕಿನ ಹಿತ್ತಲು ದಾಟಿದವು. ಎಲ್ಲವನ್ನೂ ಅವರು ಒಂದು ಸಲವಾದರೂ ಕೈಯಲ್ಲಿ ಮುಟ್ಟಿ, ಕೂರುವಂಥದ್ದಾದರೆ ಕೂತು ನೋಡುತ್ತಿದ್ದರು. ಹಾಗಂತ ನಿಯಮವೇನೂ ಇರಲಿಲ್ಲ.

ಎರಡನೇ ವರ್ಷದ ಕೊನೆಗೆ ಅವರಿಗೆ ಬೇರೆ ವಿಭಾಗಕ್ಕೆ ವರ್ಗವಾಯಿತು. ಹೊರಡುವ ದಿನ ಮಧ್ಯಾಹ್ನ, ಅವರು ಮೇಜು ಖಾಲಿ ಮಾಡುತ್ತಿದ್ದಾಗ, ವಾಚ್ ರಿಪೇರಿಯ ಹಿರಿಯರೊಬ್ಬರು ಬಂದರು. ಡ್ರಿಪ್ ಬಾಟಲಿ ಖಾಲಿಯಾಗುತ್ತಿದ್ದಂತೆ ಗಂಟೆ ಬಾರಿಸುವ ಪುಟ್ಟ ಸಾಧನವೊಂದನ್ನು ಅವರು ಪರೀಕ್ಷೆಗೆ ಕೊಟ್ಟಿದ್ದರು. ಫಲಿತಾಂಶ ಆವತ್ತೇ ಬಂದಿತ್ತು. ನೂರು ಸಲದಲ್ಲಿ ಏಳು ಸಲ ಸುಮ್ಮಸುಮ್ಮನೆ ಬಾರಿಸಿತ್ತು, ಎರಡು ಸಲ ಬಾರಿಸಬೇಕಾದಾಗ ಬಾರಿಸಿರಲಿಲ್ಲ.

“ಅಂದರೆ ಆಗಲಿಲ್ಲ” ಎಂದರು ಹಿರಿಯರು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ಆಗಲಿಲ್ಲ. ಆ ಎರಡು ಸಲ ಇದೆಯಲ್ಲ, ಅದು ದೊಡ್ಡ ತಪ್ಪು. ಏಳು ಸಲದ್ದನ್ನ ನರ್ಸುಗಳು ಸಹಿಸಿಕೊಂಡಾರು.”

“ಮತ್ತೆ ತರಬಹುದಾ?”

“ತರಬಹುದು.”

“ಆಗ ನೀವಿರ್ತೀರಾ ತಾಯಿ?”

“ನಾನಿರಲ್ಲ. ಇಲ್ಲಿ ಯಾರಿದ್ರೂ ತಗೊಳ್ಳಲೇಬೇಕು. ನಾನಿದ್ರೆ ಮಾತ್ರ ನಡೆಯೋದಾದ್ರೆ ಆ ಉಪಕಲಂ ಬರೆದಿದ್ದೇ ದಂಡ.”

ಹಿರಿಯರು ತಲೆಯಾಡಿಸಿ ವರದಿಯ ಹಾಳೆಯನ್ನು ಕೇಳಿ ಪಡೆದರು. ಮನೆಗೆ ಹೋಗಲಿಲ್ಲ. ಕಲಮಮ್ಮ ತಮ್ಮ ರಟ್ಟಿನ ಡಬ್ಬಿ ಎತ್ತಿಕೊಂಡು ಹೊರಬಂದಾಗ ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆ ಎರಡು ತಪ್ಪುಗಳು ಯಾವ ಹೊತ್ತಿಗೆ ಆದವೆಂದು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಅಟೆಂಡರ್ ಅವರ ಪಕ್ಕ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದ. ಕಲಮಮ್ಮ ಇಬ್ಬರಿಗೂ ತೊಂದರೆ ಕೊಡದೆ ಪಕ್ಕದಿಂದ ದಾಟಿ ಮೆಟ್ಟಿಲಿಳಿದರು.